ಊರೂರಿಗೆ ನೀರು ಕೊಟ್ಟ ಮುದ್ದೇನಹಳ್ಳಿಯ ಮನುಷ್ಯ

ಚಿಕ್ಕಬಳ್ಳಾಪುರದಿಂದ ನಂದಿ ಕಡೆಗೆ ಹೋಗುವ ಬಸ್ಸು ಹತ್ತಿದರೆ ಮುದ್ದೇನಹಳ್ಳಿ ಬಹಳ ದೂರವೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರು ಹುಟ್ಟಿದ ವರ್ಷ 1860 ಅನ್ನುವವರಿದ್ದಾರೆ, 1861 ಅನ್ನುವವರೂ ಇದ್ದಾರೆ. ತಾರೀಖಿನಲ್ಲಿ ಮಾತ್ರ ಜಗಳವಿಲ್ಲ, ಸೆಪ್ಟೆಂಬರ್ 15. ಅವರು ಕನ್ನಂಬಾಡಿ ಕಟ್ಟಿದ್ದು ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಆದರೆ ನೀರಿಗೆ ಅಷ್ಟೆಲ್ಲ ಹೆಣಗಿದ ಮನುಷ್ಯ ಎಂಥಾ ಸೀಮೆಯಿಂದ ಹೋದರು ಅನ್ನೋದನ್ನ ನಮ್ಮವರೇ ಮರೆತ ಹಾಗಿದೆ.

ನಮ್ಮ ಸೀಮೆಯ ಹಣೆಬರಹ ವಿಚಿತ್ರ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ಎಲ್ಲಾ ಹುಟ್ಟೋದು ನಂದಿ ಮತ್ತು ಅದರ ಆಸುಪಾಸಿನ ಬೆಟ್ಟಗಳಲ್ಲಿ. ಒಂದೂ ಇಲ್ಲಿ ನಿಲ್ಲೋದಿಲ್ಲ. ಮಳೆ ಬಂದರೆ ಹೊಳೆ, ಬಾರದಿದ್ದರೆ ಬರೀ ಮರಳು. ಅದಕ್ಕೇ ಹಿರಿಯರು ಹೊಳೆ ನಂಬದೆ ಕೆರೆ ಕಟ್ಟಿಕೊಂಡು ಬದುಕಿದರು.

ವಿಶ್ವೇಶ್ವರಯ್ಯನವರ ಮನೆತನವೂ ಬೇರೆ ಕಡೆಯಿಂದ ಬಂದದ್ದೇ. ಹೆಸರಿನ ಹಿಂದಿರುವ ಮೋಕ್ಷಗುಂಡಂ ಆಂಧ್ರದಲ್ಲಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಚಿಂತಾಮಣಿ, ಗೌರಿಬಿದನೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಲುಗು ಮನೆಮಾತಿನವರು ಕನ್ನಡದವರಲ್ಲ ಅಂತ ಆಗಾಗ್ಗೆ ಯಾರೋ ಒಬ್ಬರು ಮಾತೆತ್ತುತ್ತಾರಲ್ಲ, ಅವರು ಇದನ್ನೊಂದು ನೆನಪಿಟ್ಟುಕೊಂಡರೆ ಸಾಕು: 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಇದೇ ತೆಲುಗು ಮನೆಮಾತಿನ ದಿವಾನರ ಕಾಲದಲ್ಲಿ, ಅವರ ಒತ್ತಾಸೆಯಿಂದ.

ಮೊದಲ ಅಕ್ಷರ ಕಲಿತದ್ದು ಚಿಕ್ಕಬಳ್ಳಾಪುರದ ಶಾಲೆಯಲ್ಲಿ. ಚಿಕ್ಕ ವಯಸ್ಸಿಗೇ ತಂದೆ ಶ್ರೀನಿವಾಸ ಶಾಸ್ತ್ರಿಗಳು ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಬೆಂಗಳೂರಿಗೆ ಹೋಗಿ ಸೋದರಮಾವನ ಆಸರೆಯಲ್ಲಿ ನಿಂತು, ಮನೆಪಾಠ ಹೇಳಿಕೊಂಡು ಓದಿದ. ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲಕ್ಕೇ 1876ರಿಂದ 78ರವರೆಗಿನ ದೊಡ್ಡ ಬರ ಬಿತ್ತು. ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಸತ್ತರು ಅಂತ ಲೆಕ್ಕ. ಕೆಟ್ಟ ಪೆಟ್ಟು ತಿಂದ ಸೀಮೆಗಳಲ್ಲಿ ಕೋಲಾರವೂ ಒಂದು. ಹದಿನಾರು ಹದಿನೇಳರ ಹುಡುಗ, ಕಣ್ಣು ಕಾಣುವ ವಯಸ್ಸು.

1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ., ಮುಂದೆ ಪುಣೆಯಲ್ಲಿ ಇಂಜಿನಿಯರಿಂಗು, 1884ರಲ್ಲಿ ಮುಂಬಯಿ ಸರ್ಕಾರದಲ್ಲಿ ಕೆಲಸ. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ (ಈಗ ಪಾಕಿಸ್ತಾನಕ್ಕೆ ಸೇರಿದೆ) ಕುಡಿಯುವ ನೀರು ಕೊಡಬೇಕಾಗಿತ್ತು. ಪುರಸಭೆಯಲ್ಲಿ ದುಡ್ಡಿಲ್ಲ. ಇವರು ಸಿಂಧೂ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಲ್ಲಿ ಸೋಸಿ ಬಂದ ತಿಳಿನೀರನ್ನು ಊರಿಗೆ ಎತ್ತಿಸಿದರು. ಪಿನಾಕಿನಿ ಮರಳಿನಲ್ಲಿ ತಲಪರಿಗೆ ತೋಡಿ ನೀರು ತೆಗೆಯುತ್ತಿದ್ದ ಗೌರಿಬಿದನೂರು ಕಡೆಯ ಹಳಬರಿಗೆ ಕೇಳಿದರೆ, ಇದೇನು ಮಹಾ ಅನ್ನುತ್ತಿದ್ದರೋ ಏನೋ!

ಪುಣೆ ಹತ್ತಿರದ ಖಡಕ್‌ವಾಸ್ಲಾ ಕೆರೆಯಲ್ಲಿ 1903ರಲ್ಲಿ ಅವರೇ ಯೋಚಿಸಿದ ಬಾಗಿಲು ಕೂರಿಸಿದರು. ನೀರು ಏರಿದರೆ ತಾನಾಗಿ ತೆರೆಯೋದು, ಇಳಿದರೆ ತಾನಾಗಿ ಮುಚ್ಚೋದು. ಕಟ್ಟೆ ಎತ್ತರಿಸದೆ ಎಂಟು ಅಡಿ ನೀರು ಹೆಚ್ಚಿಗೆ ನಿಂತಿತು.

ನೀರನ್ನು ಬಗ್ಗಿಸಿದರು, ಸರಿ. ಜನರನ್ನು ಬಗ್ಗಿಸೋದು ಅಷ್ಟು ಸುಲಭವಾಗಲಿಲ್ಲ. ಆ ಕಡೆಯ ನಾಲೆಗಳಲ್ಲಿ ಮೇಲಿನ ಊರಿನವರು ಕಬ್ಬಿಗೆ ಬೇಕಾದಷ್ಟು ಹರಿಸಿಕೊಳ್ಳೋರು, ಕೆಳಗಿನವರಿಗೆ ತೊಟ್ಟಿಲ್ಲ. ಮೇಲೆ ಜೌಗು, ಸೊಳ್ಳೆ, ಚಳಿಜ್ವರ. ಜಮೀನನ್ನು ಬ್ಲಾಕು ಬ್ಲಾಕಾಗಿ ವಿಂಗಡಿಸಿ ಸರದಿ ಪ್ರಕಾರ ನೀರು ಕೊಡುವ ಪದ್ಧತಿ ತಂದರೆ ರೈತರು ತಿರುಗಿ ಬಿದ್ದರು. ಕೂತು ಮಾತಾಡಿ ಒಪ್ಪಿಸಬೇಕಾಯಿತು.

1908ರಲ್ಲಿ ಮುಂಬಯಿ ನೌಕರಿ ಬಿಟ್ಟರು. ಬುದ್ಧಿಯಲ್ಲಿ ಎಷ್ಟೇ ಮುಂದಿದ್ದರೂ ಅಲ್ಲಿನ ಚೀಫ್ ಇಂಜಿನಿಯರ್ ಕುರ್ಚಿ ಬಿಳಿಯರಿಗೇ ಮೀಸಲು ಅನ್ನುವ ಕಾಲ ಅದು. ಈ ಮೀಸಲು ಅನ್ನೋ ಮಾತು ಮುಂದೆ ಇನ್ನೊಂದು ಸಲ ಅವರ ಬಾಳಿನಲ್ಲಿ ಬರುತ್ತದೆ.

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಅಫ್ಜಲ್‌ಗಂಜ್‌ನ ಒಂದು ಹುಣಿಸೆಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರಂತೆ. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಊರಿನ ಮೇಲ್ಗಡೆಯೇ ನೀರನ್ನು ತಡೆದು ನಿಲ್ಲಿಸಿ ಅಂದರು ಇವರು. ಹಾಗೆ ಎದ್ದದ್ದೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ.

1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರು. ಸಂಸ್ಥಾನದ ಖಜಾನೆಯವರಿಗೆ ಖರ್ಚಿನ ಅಂಜಿಕೆ, ಮದರಾಸು ಸರ್ಕಾರಕ್ಕೆ ತನ್ನ ನೀರು ಹೋಯಿತೆಂಬ ಕೂಗು. ಇದರ ಮಧ್ಯೆ ಅಣೆಕಟ್ಟಿಗೆ ಬೆನ್ನೆಲುಬಾದ ಗಿರಾಕಿ ಯಾರು ಗೊತ್ತೆ? ಆಗ ನಮ್ಮದೇ ಜಿಲ್ಲೆಯಾಗಿದ್ದ ಕೋಲಾರದ ಚಿನ್ನದ ಗಣಿ. 1902ರಿಂದ ಶಿವನಸಮುದ್ರದ ಕರೆಂಟು ಬರುತ್ತಿದ್ದದ್ದು ಗಣಿಗೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಕರೆಂಟಿಗೆ ಬರ. ಮೇಲೆ ನೀರು ಕೂಡಿಟ್ಟರೆ ಕರೆಂಟು ಮಾರಿ ದುಡ್ಡು ಮಾಡಬಹುದು ಅನ್ನುವ ಲೆಕ್ಕ ತೋರಿಸಿದ ಮೇಲೆ ಗಾಡಿ ಮುಂದಕ್ಕೆ ಹೋಯಿತು. ಸಿಮೆಂಟಿನ ಬದಲು ಸುಣ್ಣ, ಸುರ್ಕಿ ಹಾಕಿ ಕಟ್ಟಿದ ಕಟ್ಟೆ ಅದು. ಪೂರಾ ಮುಗಿಯುವ ಹೊತ್ತಿಗೆ 1931-32. ತುಂಬಿದರೆ 124.8 ಅಡಿ, 49 ಟಿಎಂಸಿ ಚಿಲ್ಲರೆ ನೀರು. ಮಂಡ್ಯದ ಗದ್ದೆಗಳು ಹಸಿರಾದವು.

ಹಸಿರಾದವರ ಲೆಕ್ಕ ಎಲ್ಲರೂ ಹೇಳುತ್ತಾರೆ. ಮುಳುಗಿದವರದ್ದು? ಕನ್ನಂಬಾಡಿ ಅನ್ನುವ ಊರೇ ನೀರೊಳಗೆ ಹೋಯಿತು. ಸುತ್ತಲಿನ ಹಲವು ಹಳ್ಳಿಗಳೂ ಹೋದವು. ಜನ ದನಕರು ಹೊಡೆದುಕೊಂಡು, ಗಂಟುಮೂಟೆ ಹೊತ್ತು ಬೇರೆ ಜಾಗಕ್ಕೆ ನಡೆದರು. ವೇಣುಗೋಪಾಲಸ್ವಾಮಿ ದೇವಸ್ಥಾನ ಮುಳುಗಿ, ಬರದ ವರ್ಷ ನೀರು ಇಳಿದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಆಮೇಲೆ ಎಷ್ಟೋ ವರ್ಷಕ್ಕೆ ಕಲ್ಲು ಕಲ್ಲು ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದರು. ಊರನ್ನು ಹಾಗೆ ಬಿಚ್ಚಿ ಕಟ್ಟೋಕಾಗುತ್ತದೆಯೇ?

1912ರಿಂದ 1918ರವರೆಗೆ ದಿವಾನಗಿರಿ. ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಬೂನು, ಗಂಧದೆಣ್ಣೆ, ಭದ್ರಾವತಿ ಕಬ್ಬಿಣ, ಎಲ್ಲರಿಗೂ ಗೊತ್ತಿರುವ ಪಟ್ಟಿ. ನಮ್ಮ ಪಾಲಿಗೆ ಬಂದದ್ದು ಎರಡು. ಶಿಡ್ಲಘಟ್ಟ, ಚಿಂತಾಮಣಿ ಮುಟ್ಟಿಕೊಂಡು ಕೋಲಾರಕ್ಕೆ ಹೋಗುವ ಸಣ್ಣ ರೈಲುದಾರಿ ಬಿದ್ದದ್ದು ಅವರ ಕಾಲದಲ್ಲಿ. ಅದು ದೊಡ್ಡ ಹಳಿಯಾಗಿ ಮತ್ತೆ ಓಡುವುದಕ್ಕೆ 2013 ಬರಬೇಕಾಯಿತು ಅನ್ನೋದು ಬೇರೆ ಮಾತು. ಇನ್ನೊಂದು, ರೇಷ್ಮೆಗೆ ಸರ್ಕಾರದ ಇಲಾಖೆ. ಇಟಲಿಯಿಂದ ತಜ್ಞನನ್ನು ಕರೆಸಿ ಹುಳು ಸಾಕಣೆ ತಿದ್ದಿಸಿದರು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ನಿಂತವರು ಒಂದು ಸಲ ನೆನೆಯಬಹುದು.

ನೀರು ಮಾತ್ರ ಬರಲಿಲ್ಲ. ಇಲ್ಲಿ ಕಟ್ಟುವುದಕ್ಕೆ ವರ್ಷವಿಡೀ ಹರಿಯುವ ಹೊಳೆ ಇರಲಿಲ್ಲ. ಇದ್ದ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್‌ಗಳಿಗೆ 1892ರ ಮೈಸೂರು–ಮದರಾಸು ಒಪ್ಪಂದದ ಬೇಲಿ. ಹೊಸ ಜಲಾಶಯ ಬೇಕಾದರೆ ಮದರಾಸಿನ ಒಪ್ಪಿಗೆ ಬೇಕು. ಅಂದಮೇಲೆ ಎಂಥಾ ಇಂಜಿನಿಯರಾದರೂ ಏನು ಮಾಡಿಯಾನು!

1918ರಲ್ಲಿ ದಿವಾನಗಿರಿ ಬಿಟ್ಟದ್ದು ನೀರಿಗಲ್ಲ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಅಂತ ಹಿಂದುಳಿದವರು ಎದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಯೋಗ್ಯತೆ ನೋಡಿ ಕೊಡಬೇಕು, ಜಾತಿ ನೋಡಿ ಅಲ್ಲ ಅನ್ನೋದು ದಿವಾನರ ಹಟ. ಒಪ್ಪದೆ ಹೊರಟುಬಿಟ್ಟರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದವರಿಗೆ ಸಿಗಬೇಕು ಅಂತ 1919ರಲ್ಲಿ ಸಮಿತಿ ವರದಿ ಕೊಟ್ಟಿತು.

ಮನೆಪಾಠ ಹೇಳಿ ಮೇಲೆ ಬಂದವರಿಗೆ ಎಲ್ಲರೂ ಹಾಗೇ ಬರಲಿ ಅನ್ನಿಸಿದ್ದು ಸಹಜ. ಆದರೆ ಶಾಲೆಯ ಬಾಗಿಲೇ ಕಾಣದ ಮನೆಯ ಹುಡುಗ ಮನೆಪಾಠ ಹೇಳುವುದು ಎಲ್ಲಿಂದ? ಬಿಳಿಯರ ಕುರ್ಚಿಯ ಅನ್ಯಾಯ ಅನುಭವಿಸಿದ ದೊಡ್ಡ ಮನುಷ್ಯರಿಗೆ ಇದು ಕಾಣಲಿಲ್ಲ. ನಾಲೆಯ ಮೇಲಿನವರೇ ಎಲ್ಲ ಹೀರಿದರೆ ಕೆಳಗಿನವರಿಗೆ ತೊಟ್ಟಿಲ್ಲ ಎಂಬ ಲೆಕ್ಕ ಮುಂಬಯಿ ಸೀಮೆಯಲ್ಲಿ ಅವರೇ ಹಾಕಿ ತೋರಿಸಿದ್ದರು. ನೌಕರಿಗೆ ಆ ಲೆಕ್ಕ ಹಾಕಲಿಲ್ಲ.

1955ರಲ್ಲಿ ಭಾರತ ರತ್ನ. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಅವರು ಹೋದ ಮೇಲೆ ನಮ್ಮ ಕೆರೆಗಳು ಹೂಳು ತುಂಬಿ ಒಣಗಿದವು. ಬೋರ್‌ವೆಲ್ಲು ಸಾವಿರ ಅಡಿ ದಾಟಿತು, ನೀರಿನ ಜತೆ ಫ್ಲೋರೈಡು ಬಂತು. ಈಗ ಕಂದವಾರ ಕೆರೆಯಂಥ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಹರಿಸಿದ್ದಾರೆ. ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಿ ಅಂತ ಜನ ಕೇಳುತ್ತಲೇ ಇದ್ದಾರೆ. 24 ಟಿಎಂಸಿಯ ಎತ್ತಿನಹೊಳೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತ ಚಾಲೂ ಮಾಡಿದರು. ಕಾಡು ಹೋಯಿತು, ಆನೆ ದಾರಿ ಹೋಯಿತು, ನೇತ್ರಾವತಿ ಸೊರಗುತ್ತದೆ ಅಂತ ಆ ಕಡೆಯವರ ಕೂಗು. ಕನ್ನಂಬಾಡಿಯವರು ಎತ್ತು ಹೊಡೆದುಕೊಂಡು ಹೊರಟಾಗ ಅವರ ಮಾತು ಕೇಳಿಸಿಕೊಳ್ಳುವವರು ಕಡಿಮೆ ಇದ್ದರು. ಈಗ ಬಾಯಾರಿದ ಕಡೆ ಇರೋದು ನಾವು. ಆದ್ದರಿಂದ ಆ ಕೂಗು ನಮ್ಮ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ.

ಅವರ ಸಮಾಧಿ ಇರುವುದು ಮುದ್ದೇನಹಳ್ಳಿಯಲ್ಲೇ. ಹುಟ್ಟಿದ ಮನೆ ಮ್ಯೂಸಿಯಂ ಆಗಿದೆ. ಸೆಪ್ಟೆಂಬರ್ 15 ಇಂಜಿನಿಯರುಗಳ ದಿನ. ಅವತ್ತು ಹಾರ ಹಾಕುವವರು ಬರುತ್ತಾರೆ. ಬಸ್ಸಿನಲ್ಲಿ ಹೋಗುವವರು ಬೇರೆ ದಿನ ಇಳಿದರೆ ನೂಕುನುಗ್ಗಲಿರುವುದಿಲ್ಲ, ನಿಧಾನವಾಗಿ ನೋಡಬಹುದು.