ತಂತಿಯ ಉದ್ದ ಅಳೆದ ಸೀಮೋರ್ ಕ್ರೇ

ಹೊಸ ಲ್ಯಾಪ್‌ಟಾಪ್ ತಗೊಳ್ಳೋದಾ, ಇಲ್ಲ ಯಾವುದೋ ಆಫೀಸಿನವರು ಮಾರಿದ ಹಳೇ ಜಿಯಾನ್ ವರ್ಕ್‌ಸ್ಟೇಷನ್ನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳೋದಾ ಅನ್ನುವ ವಾದ ನಮ್ಮಲ್ಲಿ ಪ್ರತಿ ಸೆಮಿಸ್ಟರ್ ನಡೆಯುತ್ತೆ. ಎಷ್ಟು ಕೋರು, ಎಷ್ಟು ಗಿಗಾಹರ್ಟ್ಸು ಅಂತ ಎರಡು ಅಂಕಿ ಹೇಳಿ ವಾದ ಮುಗಿಸಿಬಿಡುತ್ತೇವೆ. ಆದರೆ ಲೆಕ್ಕ ಮಾಡುವ ವೇಗ ಒಂದಾದರೆ, ಲೆಕ್ಕಕ್ಕೆ ಬೇಕಾದ ಸಂಖ್ಯೆ ಮೆಮೊರಿಯಿಂದ ಹೊರಟು ಬಂದು ತಲುಪುವ ವೇಗ ಇನ್ನೊಂದು. ಈ ಎರಡನೆಯದರ ಹಿಂದೆ ಜೀವಮಾನವಿಡೀ ಬಿದ್ದಿದ್ದವರು ಸೀಮೋರ್ ಕ್ರೇ. ಸೂಪರ್‌ಕಂಪ್ಯೂಟರ್ ಅಂದರೆ ಕ್ರೇ ಅನ್ನುವಷ್ಟು ಅವರ ಹೆಸರು ಒಂದು ಕಾಲಕ್ಕೆ ಮನೆಮಾತಾಗಿತ್ತು.

ಅವರು ಹುಟ್ಟಿದ್ದು 1925ರ ಸೆಪ್ಟೆಂಬರ್ 28ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಅನ್ನುವ ಸಣ್ಣ ಊರಲ್ಲಿ. ಅಪ್ಪ ಸಿವಿಲ್ ಎಂಜಿನಿಯರ್. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಆಟಿಕೆಯ ಲೋಹದ ತುಂಡುಗಳನ್ನು ಜೋಡಿಸಿ, ತೂತು ಹೊಡೆದ ಕಾಗದದ ಪಟ್ಟಿಯನ್ನು ಮೋರ್ಸ್ ಸಂಕೇತವಾಗಿ ಬದಲಿಸುವ ಯಂತ್ರ ಮಾಡಿದ್ದರು. ಮನೆಯವರು ನೆಲಮಾಳಿಗೆಯನ್ನೇ ಅವರ ಲ್ಯಾಬಿಗೆ ಬಿಟ್ಟುಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ರೇಡಿಯೋ ಆಪರೇಟರ್ ಆಗಿ ದುಡಿದು ಬಂದ ಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದು: 1949ರಲ್ಲಿ ಎಲೆಕ್ಟ್ರಿಕಲ್ ಪದವಿ, 1951ರಲ್ಲಿ ಅನ್ವಯಿಕ ಗಣಿತದಲ್ಲಿ ಸ್ನಾತಕೋತ್ತರ ಪದವಿ. ಆಮೇಲೆ ಸೇಂಟ್ ಪಾಲ್‌ನ ಒಂದು ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಆ ಕಂಪನಿ ಕೈ ಬದಲಾಯಿಸುತ್ತಾ ದೊಡ್ಡದಾದ ಹಾಗೆಲ್ಲ ಅಲ್ಲಿನ ಎಂಜಿನಿಯರುಗಳು ಬೇಸತ್ತರು. ಅವರಲ್ಲಿ ಕೆಲವರು 1957ರಲ್ಲಿ ಕಂಟ್ರೋಲ್ ಡೇಟಾ ಕಾರ್ಪೊರೇಷನ್ ಕಟ್ಟಿದಾಗ ಕ್ರೇ ಕೂಡ ಅವರ ಜೊತೆ ಸೇರಿಕೊಂಡರು.

ಆಫೀಸಿನ ಮೀಟಿಂಗು, ರಿಪೋರ್ಟು ಅಂದರೆ ಅವರಿಗೆ ಆಗುತ್ತಿರಲಿಲ್ಲ. 1962ರಲ್ಲಿ ಹುಟ್ಟೂರಿನಲ್ಲೇ ಲ್ಯಾಬ್ ಹಾಕಿಸಿಕೊಂಡು, ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಹೊರಟೇಬಿಟ್ಟರು. ಅಲ್ಲಿಂದ 1964ರಲ್ಲಿ ಬಂದದ್ದು ಸಿಡಿಸಿ 6600. ಸೆಕೆಂಡಿಗೆ ಸುಮಾರು 30 ಲಕ್ಷ ಲೆಕ್ಕ. ಆ ಹೊತ್ತಿಗೆ ಐಬಿಎಂನ ಹತ್ತಿರ ಇದ್ದ ಅತಿ ವೇಗದ ಯಂತ್ರಕ್ಕಿಂತ ಸುಮಾರು 3 ಪಟ್ಟು ಹೆಚ್ಚು. ಕೂಡಲು ಒಂದು, ಗುಣಿಸಲು ಎರಡು, ಹೀಗೆ ಹತ್ತು ಬೇರೆ ಬೇರೆ ಘಟಕಗಳು ಒಟ್ಟಿಗೇ ಕೆಲಸ ಮಾಡುವ ಏರ್ಪಾಡು ಅದರಲ್ಲಿತ್ತು. ಇವತ್ತು ಕಂಪ್ಯೂಟರ್ ಆರ್ಕಿಟೆಕ್ಚರ್ ಪೇಪರಿನಲ್ಲಿ ನಾವು ಬರೆಯುವ ಸ್ಕೋರ್‌ಬೋರ್ಡಿಂಗ್ ಈ ಯಂತ್ರದ್ದೇ. ಅದರ ಶ್ರೇಯ ಕ್ರೇ ಜೊತೆಗಿದ್ದ ಜೇಮ್ಸ್ ಥಾರ್ನ್‌ಟನ್ ಅವರಿಗೂ ಸಲ್ಲಬೇಕು. ಕಸ ಗುಡಿಸುವವರನ್ನೂ ಸೇರಿಸಿ ಬರೀ 34 ಜನ ಇದನ್ನು ಮಾಡಿದರು, ಸಾವಿರಾರು ಜನರಿರುವ ನಾವೇಕೆ ಹಿಂದೆ ಬಿದ್ದೆವು ಅಂತ ಐಬಿಎಂನ ಮುಖ್ಯಸ್ಥರು ತಮ್ಮವರಿಗೆ ಕಟುವಾದ ಪತ್ರ ಕಳಿಸಿದ್ದರು.

ಮುಂದಿನ 7600 ಕೂಡ ಗೆದ್ದಿತು. ಆಮೇಲಿನ 8600 ಕೈಕೊಟ್ಟಿತು. ಕಂಪನಿಯಲ್ಲಿ ಹಣವೂ ಬಿಗಿಯಾಗಿತ್ತು. 1972ರಲ್ಲಿ ಕ್ರೇ ಹೊರಬಂದು ಸ್ವಂತ ಕಂಪನಿ ಶುರು ಮಾಡಿದರು. ವಿಶೇಷ ಅಂದರೆ ಅವರು ಬಿಟ್ಟುಬಂದ ಕಂಪನಿಯೇ ಅದಕ್ಕೆ ಒಂದಿಷ್ಟು ಬಂಡವಾಳ ಹಾಕಿತು.

ಇನ್ನು ಕ್ರೇ-1. 1976ರಲ್ಲಿ ಮೊದಲನೆಯದು ಲಾಸ್ ಅಲಮಾಸ್ ಲ್ಯಾಬಿಗೆ ಹೋಯಿತು. ಮೇಲಿಂದ ನೋಡಿದರೆ ಇಂಗ್ಲಿಷಿನ ಸಿ ಅಕ್ಷರದ ಹಾಗೆ, ಸುತ್ತಲೂ ಕೂರಲು ಮೆತ್ತನೆಯ ಬೆಂಚು. ಆ ಆಕಾರ ಚೆಂದಕ್ಕೆ ಅಂತ ಮಾಡಿದ್ದಲ್ಲ. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಓಡುವುದೇ 30 ಸೆಂಟಿಮೀಟರ್. ತಂತಿಯೊಳಗಿನ ಸಿಗ್ನಲ್ ಅದಕ್ಕಿಂತ ನಿಧಾನ. ಗಡಿಯಾರದ ಒಂದು ಬಡಿತ 12.5 ನ್ಯಾನೋಸೆಕೆಂಡ್, ಅಂದರೆ 80 ಮೆಗಾಹರ್ಟ್ಸ್, ಇರಬೇಕಾದರೆ ಯಾವ ತಂತಿಯೂ ಸುಮಾರು 4 ಅಡಿಗಿಂತ ಉದ್ದ ಇರುವ ಹಾಗಿಲ್ಲ. ಬಳಸಿ ನಿಂತರೆ ಒಳಬದಿಯ ತಂತಿಗಳು ಗಿಡ್ಡವಾಗುತ್ತವೆ, ಅಷ್ಟೇ. ಸಿಗ್ನಲ್ಲುಗಳು ಸರಿಯಾದ ಹೊತ್ತಿಗೆ ತಲುಪುವಂತೆ ಅಳೆದ ಆ ತಂತಿಗಳನ್ನು ಒಂದೊಂದಾಗಿ ಕೈಯಲ್ಲೇ ಜೋಡಿಸಿದವರು ಚಿಪ್ಪೆವಾ ಫಾಲ್ಸಿನ ಹೆಣ್ಣುಮಕ್ಕಳು. ಒಟ್ಟು ತೂಕ 5 ಟನ್ ಮೇಲೆ, ವಿದ್ಯುತ್ 115 ಕಿಲೋವ್ಯಾಟ್, ತಂಪು ಮಾಡಲು ಫ್ರಿಯಾನ್. ಮೊದಲ ಯಂತ್ರದ ಮೆಮೊರಿಯಲ್ಲಿ ತಪ್ಪು ತಿದ್ದುವ ಏರ್ಪಾಡು ಇರಲಿಲ್ಲ. ಅದು ವೇಗಕ್ಕೆ ಅಡ್ಡಿ ಅಂತ ಕ್ರೇ ಹಟ. ಲಾಸ್ ಅಲಮಾಸಿನವರ ಅನುಭವ ನೋಡಿದ ಮೇಲೆ ಹಟ ಬಿಟ್ಟು ಮುಂದಿನ ಯಂತ್ರಗಳಿಗೆ ಹಾಕಿಸಿದರು. ಹಳೇ ವರ್ಕ್‌ಸ್ಟೇಷನ್ ಕೊಂಡವರು ಇಸಿಸಿ ರ್‍ಯಾಮ್ ಅಂತ ಹೆಮ್ಮೆಪಡುವುದು ಇದೇ ಕಾರಣಕ್ಕೆ.

ಈಗ ಲೆಕ್ಕಕ್ಕೆ ಕೂರೋಣ. ಕ್ರೇ-1ರ ಗರಿಷ್ಠ ವೇಗ ಸೆಕೆಂಡಿಗೆ 16 ಕೋಟಿ ಲೆಕ್ಕ. ಮೆಮೊರಿಯಿಂದ ಬಡಿತಕ್ಕೊಂದು ಸಂಖ್ಯೆ, ಅಂದರೆ ಸೆಕೆಂಡಿಗೆ 8 ಕೋಟಿ ಸಂಖ್ಯೆ, 640 ಮೆಗಾಬೈಟ್. ಪ್ರತಿ 2 ಲೆಕ್ಕಕ್ಕೆ ಒಂದು ಹೊಸ ಸಂಖ್ಯೆ ಸಿಗುತ್ತಿತ್ತು. 2012ರ ವರ್ಕ್‌ಸ್ಟೇಷನ್ ಪ್ರೊಸೆಸರ್ ಜಿಯಾನ್ ಇ5-2670 ತಗೊಳ್ಳಿ: 8 ಕೋರ್, 2.6 ಗಿಗಾಹರ್ಟ್ಸ್, 115 ವ್ಯಾಟ್. ಕೋರಿಗೆ ಬಡಿತಕ್ಕೆ 8 ಲೆಕ್ಕದಂತೆ 166 ಗಿಗಾಫ್ಲಾಪ್ಸ್. ನಾಲ್ಕು ಚಾನೆಲ್ ಡಿಡಿಆರ್3 ಮೆಮೊರಿಯಿಂದ ಸೆಕೆಂಡಿಗೆ 51.2 ಗಿಗಾಬೈಟ್. 2021ರ ಲ್ಯಾಪ್‌ಟಾಪ್ ಪ್ರೊಸೆಸರ್ ರೈಜೆನ್ 7 5800ಎಚ್: ಅದಕ್ಕೂ 8 ಕೋರ್, 3.2 ಗಿಗಾಹರ್ಟ್ಸ್, 45 ವ್ಯಾಟ್. ಬಡಿತಕ್ಕೆ 16 ಲೆಕ್ಕದಂತೆ 409 ಗಿಗಾಫ್ಲಾಪ್ಸ್. ಮೆಮೊರಿ? ಎರಡು ಚಾನೆಲ್ ಡಿಡಿಆರ್4, ಮತ್ತೆ ಅದೇ 51.2! ಹಾಗಾಗಿ ಜಿಯಾನ್‌ಗೆ 26 ಲೆಕ್ಕಕ್ಕೊಂದು ಹೊಸ ಸಂಖ್ಯೆ ಸಿಕ್ಕರೆ, ಲ್ಯಾಪ್‌ಟಾಪಿಗೆ 64ಕ್ಕೊಂದು. ಇವೆಲ್ಲ ಕಾಗದದ ಮೇಲಿನ ಗರಿಷ್ಠ ಅಂಕಿಗಳು ಅನ್ನೋದು ಗೊತ್ತು. ಆದರೂ ಕ್ರೇ-1ಕ್ಕೆ ಹೋಲಿಸಿದರೆ ಲ್ಯಾಪ್‌ಟಾಪಿನ ಲೆಕ್ಕದ ವೇಗ 2,560 ಪಟ್ಟು ಬೆಳೆದಿದೆ, ಮೆಮೊರಿಯ ವೇಗ ಬೆಳೆದಿರುವುದು 80 ಪಟ್ಟು ಮಾತ್ರ. ಉಳಿದ ಅಂತರವನ್ನು ಕ್ಯಾಶ್ ಮುಚ್ಚಿಹಾಕುತ್ತೆ. ಆ ಲ್ಯಾಪ್‌ಟಾಪಿನ ಎಲ್3 ಕ್ಯಾಶ್ 16 ಮೆಗಾಬೈಟ್. ಕ್ರೇ-1ರ ಇಡೀ ಮೆಮೊರಿಯೇ 8. ಕೋಡ್ ಕಂಪೈಲ್ ಮಾಡುವಾಗ, ಗೇಮ್ ಆಡುವಾಗ ಕ್ಯಾಶ್ ಕೈಹಿಡಿಯುತ್ತೆ, ಲ್ಯಾಪ್‌ಟಾಪ್ ಸಲೀಸಾಗಿ ಗೆಲ್ಲುತ್ತೆ. ಕ್ಯಾಶಿಗೆ ಹಿಡಿಸದಷ್ಟು ದೊಡ್ಡ ಮೆಶ್ ಹಾಕಿ ಸಿಮ್ಯುಲೇಷನ್ ಓಡಿಸಿದಾಗ ಮಾತ್ರ ಹಳೇ ವರ್ಕ್‌ಸ್ಟೇಷನ್ ಅಂದುಕೊಂಡಷ್ಟು ಹಿಂದೆ ಬೀಳಲ್ಲ.

ಕ್ರೇ ಹೆಸರಿನ ಯಂತ್ರಕ್ಕಾಗಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ 1980ರ ದಶಕದಲ್ಲಿ ಕಾದಿದ್ದರು. ಅಣ್ವಸ್ತ್ರದ ಅನುಮಾನಕ್ಕೆ ಅಮೆರಿಕ ಕೊಡಲಿಲ್ಲ. ಹವಾಮಾನ ಮುನ್ಸೂಚನೆಗೆ ಅಂತ ದೆಹಲಿಗೆ ಮಾತ್ರ ಒಂದು ಎಕ್ಸ್-ಎಂಪಿ ಬಂತು. ಬೆಂಗಳೂರಿನ ಎನ್‌ಎಎಲ್‌ನವರು 1986ರಲ್ಲೇ ಫ್ಲೋಸಾಲ್ವರ್ ಅನ್ನುವ ಸಮಾಂತರ ಕಂಪ್ಯೂಟರನ್ನು ತಾವೇ ಕಟ್ಟಿಕೊಂಡರು. ಪುಣೆಯ ಸಿ-ಡ್ಯಾಕ್ 1991ರಲ್ಲಿ ಪರಂ 8000 ಹೊರತಂದಿತು. ಎರಡೂ ಹಲವು ಸಣ್ಣ ಪ್ರೊಸೆಸರುಗಳನ್ನು ಕೂಡಿಸಿ ಮಾಡಿದ ಯಂತ್ರಗಳು.

ಕ್ರೇ ಅವರಿಗೆ ಸರಿ ಕಾಣದಿದ್ದುದು ಇದೇ ದಾರಿ. ಗಟ್ಟಿ ಎತ್ತಿನ ಜೋಡಿ ಇರುವಾಗ ಕೋಳಿ ಹಿಂಡಿನಿಂದ ಹೊಲ ಉಳಿಸಿದ ಹಾಗೆ ಅಂತ ಅವರು ತಮಾಷೆ ಮಾಡುತ್ತಿದ್ದರು. 1985ರ ಕ್ರೇ-2ರಲ್ಲಿ ಸರ್ಕ್ಯೂಟುಗಳನ್ನೇ ತಂಪು ದ್ರವದಲ್ಲಿ ಮುಳುಗಿಸಿಟ್ಟರು. ಕ್ರೇ-3ಕ್ಕೆ ಸಿಲಿಕಾನ್ ಬಿಟ್ಟು ಗ್ಯಾಲಿಯಂ ಆರ್ಸೆನೈಡ್ ಹಿಡಿದರು. ಇದರ ವಿನ್ಯಾಸವನ್ನು ಅವರು ಒಂದು ಆಪಲ್ ಮ್ಯಾಕ್‌ನಲ್ಲಿ ಮಾಡುತ್ತಿದ್ದರಂತೆ, ಅದೇ ಹೊತ್ತಿಗೆ ಆಪಲ್‌ನವರು ಮ್ಯಾಕ್ ವಿನ್ಯಾಸಕ್ಕೆ ಒಂದು ಕ್ರೇ ಕೊಂಡಿದ್ದರಂತೆ. 1989ರಲ್ಲಿ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಇನ್ನೊಂದು ಕಂಪನಿ ಬೇರೆ ಮಾಡಿಕೊಂಡು ಹೋದರು. ಹೊರಗೆ ಹೋದ ಕ್ರೇ-3 ಒಂದೇ ಒಂದು. 1995ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿಯಾಯಿತು. ಮರುವರ್ಷ, ಅವರು ಮೊದಲು ಕಟ್ಟಿದ್ದ ಕ್ರೇ ರಿಸರ್ಚನ್ನು ಸಿಲಿಕಾನ್ ಗ್ರಾಫಿಕ್ಸ್ ಅನ್ನುವ ವರ್ಕ್‌ಸ್ಟೇಷನ್ ಕಂಪನಿ ಕೊಂಡುಕೊಂಡಿತು. ಆ ಕಂಪನಿಯ ಮೇಜಿನ ಯಂತ್ರದೊಳಗಿನ 195 ಮೆಗಾಹರ್ಟ್ಸಿನ ಆರ್10000 ಚಿಪ್ ಒಂದೇ ಕ್ರೇ-1ರ ಎರಡು ಪಟ್ಟಿಗಿಂತ ಹೆಚ್ಚು ಲೆಕ್ಕ ಮಾಡುತ್ತಿತ್ತು.

ಎಪ್ಪತ್ತು ದಾಟಿದ್ದ ಕ್ರೇ ಸುಮ್ಮನೆ ಕೂರಲಿಲ್ಲ. 1996ರ ಆಗಸ್ಟ್‌ನಲ್ಲಿ ಮತ್ತೆ ಒಂದು ಕಂಪನಿ ತೆರೆದರು. ಎಸ್‌ಆರ್‌ಸಿ ಅಂತ ಅದರ ಹೆಸರು, ಅವರದೇ ಹೆಸರಿನ ಮೊದಲ ಅಕ್ಷರಗಳು. ಈ ಸಲ ಹಲವು ಪ್ರೊಸೆಸರುಗಳನ್ನು ಅವರೂ ಒಪ್ಪಿಕೊಂಡಿದ್ದರು. ತಲೆ ಕೆಡಿಸಿಕೊಳ್ಳಲು ಹೊರಟಿದ್ದು ಅವುಗಳ ನಡುವಿನ ಸಂಪರ್ಕ ಮತ್ತು ಮೆಮೊರಿಯ ಬಗ್ಗೆ. ಸೆಪ್ಟೆಂಬರ್ 22ರಂದು ಕೊಲರಾಡೋ ಸ್ಪ್ರಿಂಗ್ಸ್‌ನ ಹೆದ್ದಾರಿಯಲ್ಲಿ ಅವರ ಜೀಪ್ ಅಪಘಾತಕ್ಕೆ ಸಿಕ್ಕಿತು. ಅಕ್ಟೋಬರ್ 5ರಂದು ತೀರಿಕೊಂಡರು. ಕಂಪನಿ ಶುರುವಾಗಿ ಎರಡು ತಿಂಗಳೂ ಆಗಿರಲಿಲ್ಲ.