ಮೊದಲ ಚೆಂಡನ್ನು ಎದುರಿಸಿದ ಜನಾರ್ದನ ನವಲೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಜೇಜುರಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಈ ಸ್ಥಳವು ಪರದೇಶವೆಂದು ತೋರುವುದಿಲ್ಲ. ಗಡದ ಮೇಲಿನ ಖಂಡೋಬನು ನಮಗೆ ಮೈಲಾರಲಿಂಗನೇ ಆಗಿದ್ದಾನೆ. ಆದರೆ ಇಲ್ಲಿಯ ದೇವರನ್ನು ನಮ್ಮವನೆಂದು ಬಗೆದ ನಾವು, ಇಲ್ಲಿಯ ಮನುಷ್ಯರ ಚರಿತ್ರೆಯನ್ನು ಅಷ್ಟಾಗಿ ಅರಿತವರಲ್ಲ. ಬಿಡುವಿನ ದಿನ ಬಯಲಿನಲ್ಲಿ ಕ್ರಿಕೆಟ್ ಆಡುವ ನಮ್ಮ ಹುಡುಗರನ್ನು ಕರೆದು, ಟೆಸ್ಟ್ ಪಂದ್ಯದಲ್ಲಿ ಭಾರತದ ಪರವಾಗಿ ಮೊಟ್ಟಮೊದಲ ಚೆಂಡನ್ನು ಎದುರಿಸಿದವರು ಯಾರೆಂದು ಕೇಳಿದರೆ ಉತ್ತರ ದೊರೆಯುವುದು ದುರ್ಲಭ. ಅವರು ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ಪುಣೆಯಲ್ಲಿ ಓದಿ ಬೆಳೆದು, ಅಲ್ಲಿಯೇ ಕಣ್ಮುಚ್ಚಿದ ಜನಾರ್ದನ ಜ್ಞಾನೋಬಾ ನವಲೆಯವರು.

ನವಲೆಯವರು 1902ನೆಯ ಇಸವಿ ಡಿಸೆಂಬರ್ 7ರಂದು ಮಹಾರಾಷ್ಟ್ರದ ಫುಲಗಾಂವದಲ್ಲಿ ಜನಿಸಿದರು. ಪುಣೆಯ ಭಾವೆ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಆ ಕಾಲದಲ್ಲಿ ಮುಂಬಯಿಯ ಚತುಷ್ಕೋಣ ಪಂದ್ಯಗಳೇ ನಾಡಿನ ಅತಿ ದೊಡ್ಡ ಕ್ರಿಕೆಟ್ ಉತ್ಸವವಾಗಿದ್ದವು. ಯೂರೋಪಿಯನ್ನರು, ಪಾರಸಿಗಳು, ಹಿಂದೂಗಳು, ಮುಸಲ್ಮಾನರು ಎಂಬ ನಾಲ್ಕು ತಂಡಗಳು ಅಲ್ಲಿ ಸೆಣಸುತ್ತಿದ್ದವು. ಮೀಸೆ ಚಿಗುರುವ ವಯಸ್ಸಿನಲ್ಲಿಯೇ ನವಲೆಯವರು ಹಿಂದೂ ತಂಡದ ವಿಕೆಟ್ ಕೀಪರರಾಗಿ ಆಯ್ಕೆಯಾದರು. ಆ ತಂಡದೊಡನೆ ನಮ್ಮ ಕನ್ನಡ ನೆಲಕ್ಕೂ ನಂಟುಂಟು. ಧಾರವಾಡದಲ್ಲಿ ಹುಟ್ಟಿ ಪುಣೆಯ ಮೈದಾನಗಳಲ್ಲಿ ಪಳಗಿದ ಪಳವಣಕರ ಬಾಳೂ ಅವರು ಅದರ ಹೆಸರಾಂತ ಬೌಲರರಾಗಿದ್ದರು. ಅಸ್ಪೃಶ್ಯರೆಂಬ ಕಾರಣಕ್ಕೆ ಅವರಿಗೆ ದೊರೆಯದ ನಾಯಕತ್ವವು 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು.

ನವಲೆಯವರು ಸಣ್ಣ ಮೈಕಟ್ಟಿನ, ಚುರುಕು ಕೈಗಳ ಆಟಗಾರರು. ಗೂಟಗಳ ಹಿಂದೆ ನಿಲ್ಲುವುದೂ, ಆಟದ ಆರಂಭದಲ್ಲಿ ಬ್ಯಾಟು ಹಿಡಿದು ಹೊಸ ಚೆಂಡನ್ನು ತಾಳಿಕೊಳ್ಳುವುದೂ ಅವರ ಪಾಲಿನ ಕೆಲಸಗಳಾಗಿದ್ದವು. ಇವೆರಡೂ ಮೈಮುರಿಯುವ ಕೆಲಸಗಳೆಂಬುದನ್ನು ಆಟ ಬಲ್ಲವರು ಒಪ್ಪುವರು. ದಿನವಿಡೀ ಬಾಗಿ ಎದ್ದು ದಣಿದವನು, ಕೈಗವಸು ಕಳಚಿ ಬೆವರು ಆರುವ ಮುನ್ನವೇ ಬ್ಯಾಟು ಹಿಡಿದು ಹೊರಡಬೇಕು. 1932ರಲ್ಲಿ ಇಂಗ್ಲೆಂಡಿಗೆ ತೆರಳುವ ತಂಡವನ್ನು ಆರಿಸಿದಾಗ ಈ ಎರಡು ಕೆಲಸಗಳಿಗೂ ಒದಗುವವರೆಂದು ನವಲೆಯವರ ಮೇಲೆ ಎಲ್ಲರೂ ಭರವಸೆಯಿಟ್ಟಿದ್ದರು.

ಆ ತಂಡಕ್ಕೆ ನಾಯಕರು ಪೋರಬಂದರದ ಮಹಾರಾಜರು. ಆಟ ಬಲ್ಲವರಿಗಿಂತ ಅರಸೊತ್ತಿಗೆಯವರಿಗೆ ಅಗ್ರಸ್ಥಾನ ಸಲ್ಲುತ್ತಿದ್ದ ಕಾಲವದು. ಆದರೂ ಮಹಾರಾಜರು ತಮ್ಮ ಆಟದ ಮಿತಿಯನ್ನರಿತು ಟೆಸ್ಟ್ ಪಂದ್ಯದಿಂದ ಹಿಂದೆ ಸರಿದುದರಿಂದ ಸಿ. ಕೆ. ನಾಯುಡು ಅವರು ಭಾರತದ ಮೊದಲ ಟೆಸ್ಟ್ ನಾಯಕರಾದರು. 1932ರ ಜೂನ್ 25ರಂದು ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಪಂದ್ಯ ಆರಂಭವಾಯಿತು. ಮೊಹಮ್ಮದ್ ನಿಸ್ಸಾರ್ ಮತ್ತು ಅಮರಸಿಂಗರ ವೇಗಕ್ಕೆ ಸಿಲುಕಿ ಇಂಗ್ಲೆಂಡು 19 ರನ್ನುಗಳಿಗೆ 3 ಗೂಟ ಕಳೆದುಕೊಂಡಿತು. ಇಂಗ್ಲೆಂಡಿನ ನಾಯಕ ಜಾರ್ಡಿನರು 79 ರನ್ ಗಳಿಸಿ ತಂಡವನ್ನು ಎತ್ತಿ ನಿಲ್ಲಿಸುತ್ತಿದ್ದಾಗ, ನಾಯುಡು ಅವರ ಎಸೆತದಲ್ಲಿ ಅವರ ಕ್ಯಾಚನ್ನು ಹಿಡಿದವರು ನವಲೆಯವರೇ. ಇಂಗ್ಲೆಂಡಿನ ಮೊತ್ತ 259ಕ್ಕೆ ನಿಂತಿತು.

ಅನಂತರ ನವಲೆಯವರು ನಾವೂಮಲ್ ಜಾವೂಮಲರೊಡನೆ ಕಣಕ್ಕಿಳಿದರು. ಭಾರತದ ಟೆಸ್ಟ್ ಇತಿಹಾಸದ ಮೊದಲ ಚೆಂಡು ಅವರ ಬ್ಯಾಟಿನೆದುರಿಗೆ ಬಂದಿತು. ಅಂದಿನಿಂದ ಇಂದಿನವರೆಗೆ ಈ ದೇಶಕ್ಕಾಗಿ ಬ್ಯಾಟು ಹಿಡಿದವರೆಲ್ಲರೂ ಆ ಒಂದು ಚೆಂಡಿನ ಹಿಂದಿನವರೇ. ಆರಂಭದ ಜೋಡಿ 39 ರನ್ನುಗಳವರೆಗೆ ನಿಂತಿತು. ಬೋವ್ಸರ ಎಸೆತಕ್ಕೆ ನವಲೆಯವರ ಗೂಟ ಉರುಳಿತು. ಅವರ ಗಳಿಕೆ 12. ಎರಡನೆಯ ಸರದಿಯಲ್ಲಿ 13. ಪಂದ್ಯವನ್ನು ಭಾರತವು 158 ರನ್ನುಗಳಿಂದ ಸೋತಿತು. ಗೂಟಗಳ ಹಿಂದಿನ ಅವರ ಚುರುಕನ್ನು ಇಂಗ್ಲಿಷ್ ವಿಮರ್ಶಕರು ಮೆಚ್ಚಿಕೊಂಡರೂ ಬ್ಯಾಟಿನ ಮೇಲಿದ್ದ ಭರವಸೆ ಫಲಿಸಲಿಲ್ಲ.

ಮರುವರ್ಷ, 1933ರ ಡಿಸೆಂಬರಿನಲ್ಲಿ, ಭಾರತದ ನೆಲದ ಮೇಲಿನ ಮೊದಲ ಟೆಸ್ಟ್ ಮುಂಬಯಿಯ ಜಿಮಖಾನಾ ಮೈದಾನದಲ್ಲಿ ನಡೆಯಿತು. ನವಲೆಯವರು ಮತ್ತೆ ಆರಂಭದ ಆಟಗಾರರಾಗಿ ಇಳಿದರು. ಈ ಸಲ ಗಳಿಕೆ 13 ಮತ್ತು 4. ಅದೇ ಪಂದ್ಯದಲ್ಲಿ ಲಾಲಾ ಅಮರನಾಥರು 118 ರನ್ ಬಾರಿಸಿ ಭಾರತದ ಮೊದಲ ಟೆಸ್ಟ್ ಶತಕವನ್ನು ದಾಖಲಿಸಿದರು. ಜನಸ್ತೋಮವೆಲ್ಲ ಆ ತರುಣನತ್ತ ತಿರುಗಿದ ಹೊತ್ತಿನಲ್ಲಿ ನವಲೆಯವರ ವೈಫಲ್ಯವನ್ನು ನೆನೆಯಲಿಕ್ಕಾದರೂ ಯಾರಿಗೆ ಬಿಡುವಿದ್ದೀತು? ಮುಂದಿನ ಪಂದ್ಯ ಕಲಕತ್ತೆಯಲ್ಲಿ. ಅಲ್ಲಿ ಕೀಪರರ ಸ್ಥಾನ ದಿಲಾವರ್ ಹುಸೇನರಿಗೆ ಹೋಯಿತು. ಅವರು ತಲೆಗೆ ಪೆಟ್ಟು ತಿಂದರೂ ಎರಡೂ ಸರದಿಗಳಲ್ಲಿ ಅರ್ಧಶತಕ ಗಳಿಸಿದರು. ನವಲೆಯವರಿಗೆ ಮತ್ತೆ ಕರೆ ಬರಲಿಲ್ಲ. ಎರಡು ಟೆಸ್ಟ್, ನಾಲ್ಕು ಸರದಿ, ಒಟ್ಟು 42 ರನ್ನು. ಅವರ ಟೆಸ್ಟ್ ಜೀವನ ಇಷ್ಟೇ.

ಇದನ್ನು ಬರಿಯ ಸೋಲೆಂದು ಕರೆದು ಮುಗಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಮೊದಲ ಟೆಸ್ಟಿನಿಂದ ಎರಡನೆಯ ಮಹಾಯುದ್ಧದವರೆಗೆ ಭಾರತವು ಆಡಿದ ಟೆಸ್ಟ್ ಪಂದ್ಯಗಳು ಕೇವಲ 7. ಇಂದಿನ ಆಟಗಾರನು ಒಂದೇ ವರ್ಷದಲ್ಲಿ ಅದಕ್ಕಿಂತ ಹೆಚ್ಚು ಆಡುವುದುಂಟು. ಎಡವಿದವನು ಎದ್ದು ನಡೆಯಲಿಕ್ಕೆ ಆಗ ದಾರಿಯೇ ಇರಲಿಲ್ಲ. ಇಂಗ್ಲೆಂಡಿನ ಕೌಂಟಿಗಳಲ್ಲಿ ಸಂಬಳ ಪಡೆದು ಆಡುವ ವೃತ್ತಿಪರರಿದ್ದರು. ಇಲ್ಲಿಯಾದರೋ ಅರಸರ ಆಶ್ರಯವೋ, ಯಾವುದಾದರೊಂದು ಕಚೇರಿಯ ನೌಕರಿಯೋ ಇದ್ದರೆ ಮಾತ್ರ ಆಟ. ಆಶ್ರಯ ತಪ್ಪಿದೊಡನೆ ಅನ್ನವೂ ತಪ್ಪುತ್ತಿತ್ತು. 1936ರಲ್ಲಿ ಭಾರತದ ಕೀಪರರಾದ ದತ್ತಾರಾಮ ಹಿಂದಳೇಕರರು ಮುಂಬಯಿ ಬಂದರಿನ ಸಂಸ್ಥೆಯಲ್ಲಿ ಅಲ್ಪ ಸಂಬಳಕ್ಕೆ ದುಡಿದು, 1949ರಲ್ಲಿ ಚಿಕಿತ್ಸೆಗೆ ಹಣ ಸಾಲದೆ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು.

ನವಲೆಯವರು ದೀರ್ಘಕಾಲ ಬಾಳಿದರು; ಆದರೆ ಆ ಬಾಳು ಸುಖದ್ದಾಗಿರಲಿಲ್ಲ. ಉತ್ತರ ವಯಸ್ಸಿನಲ್ಲಿ ಅವರು ಸಕ್ಕರೆ ಕಾರಖಾನೆಯೊಂದರ ಕಾವಲುಗಾರರಾಗಿದ್ದರೆಂದೂ, ಪುಣೆಯಲ್ಲಿ ಎರಡು ಕೋಣೆಗಳ ಮನೆಯಲ್ಲಿ ವಾಸವಾಗಿದ್ದರೆಂದೂ ಕ್ರಿಕೆಟ್ ಬರಹಗಾರರು ದಾಖಲಿಸಿದ್ದಾರೆ. ಲಾರ್ಡ್ಸಿನಲ್ಲಿ ಭಾರತದ ಗೂಟಗಳನ್ನು ಕಾಯ್ದ ಕೈಗಳು ಕಾರಖಾನೆಯ ಬಾಗಿಲು ಕಾಯ್ದವು. ದುಡಿಮೆ ಯಾವುದಿದ್ದರೂ ಹೀನವಲ್ಲ. ಕಾವಲಿನ ಕೆಲಸ ಮಾಡಿ ಮಕ್ಕಳನ್ನು ಓದಿಸಿದ ತಂದೆಯರು ನಮ್ಮ ಓದುಗರಲ್ಲಿಯೂ ಅನೇಕರಿರುವರು. ಕುಂದು ಆ ಕೆಲಸದಲ್ಲಿಲ್ಲ. ನಾಡಿಗಾಗಿ ಮೊದಲು ನಿಂತವನನ್ನು ಮುಪ್ಪಿನಲ್ಲಿ ವಿಚಾರಿಸದೆ ಹೋದ ನಾಡಿನಲ್ಲಿದೆ. 1979ರ ಸೆಪ್ಟೆಂಬರ್ 7ರಂದು ಪುಣೆಯಲ್ಲಿ ಅವರು ನಿಧನರಾದರು. ಹಳೆಯ ಆಟಗಾರರಿಗೆ ಕ್ರಿಕೆಟ್ ಮಂಡಳಿಯು ತಿಂಗಳ ಪಿಂಚಣಿ ಗೊತ್ತುಮಾಡಿದ್ದು ಅದಾದ ಬಹುಕಾಲದ ತರುವಾಯ.

ಮಗನು ಶಾಲೆಯ ತಂಡಕ್ಕೋ ಜಿಲ್ಲೆಯ ತಂಡಕ್ಕೋ ಆಯ್ಕೆಯಾದನೆಂದರೆ, ಅವನ ಬಾಳೇ ನೆಟ್ಟಗಾಯಿತೆಂದು ಹಿಗ್ಗುವ ತಂದೆತಾಯಿಗಳು ನಮ್ಮಲ್ಲಿಯೂ ಇದ್ದಾರೆ. ಹಿಗ್ಗಬೇಕಾದುದೇ. ಆದರೆ ಆಯ್ಕೆಯೆಂಬುದು ಮೊದಲ ಮೆಟ್ಟಿಲು, ಗಡದ ತುದಿಯಲ್ಲ. ಮೈಲಾರನ ಗಡವನ್ನು ಹತ್ತುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟದೊಡನೆ ಓದನ್ನೋ ಕೈಕಸುಬನ್ನೋ ಹುಡುಗರಿಗೆ ಕಲಿಸುವುದು ಹಿರಿಯರ ಹೊಣೆ. ತುದಿ ಮುಟ್ಟದೆ ಇಳಿದು ಬಂದ ಹುಡುಗನನ್ನು ಹಂಗಿಸದೆ ಮನೆಯೊಳಗೆ ಕರೆದುಕೊಳ್ಳುವುದು ಅದಕ್ಕಿಂತ ದೊಡ್ಡ ಹೊಣೆ. ನವಲೆಯವರ ಗಳಿಕೆ 42 ರನ್ನುಗಳೇ ಇರಬಹುದು. ಆದರೆ ಮೊದಲ ಚೆಂಡಿಗೆ ಯಾರಾದರೊಬ್ಬರು ಎದೆಗೊಟ್ಟು ನಿಲ್ಲಲೇಬೇಕಾಗಿತ್ತು, ಅವರು ನಿಂತರು. ಮುಂದಿನ ಆದಿತ್ಯವಾರ ನಮ್ಮ ಹುಡುಗರು ಬಯಲಿಗೆ ಹೊರಟಾಗ ಆ ಹೆಸರನ್ನು ಅವರಿಗೆ ತಿಳಿಸಿಕೊಟ್ಟರೆ, ಪುಣೆಯ ಆ ಹಿರಿಯರಿಗೆ ಸಲ್ಲಬೇಕಾದ ಋಣದಲ್ಲಿ ಒಂದಂಶವನ್ನಾದರೂ ನಾವು ಸಲ್ಲಿಸಿದಂತಾಗುವುದು.