ನಡುಸಾಲಿನ ರಕ್ಷಕ ಹರಾಲ್ಡ್ ಬೋರ್

ಬೋರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ವಿದ್ಯಾವಂತರಿಗೆ ನೆನಪಾಗುವವರು ಪರಮಾಣುವಿನ ರಚನೆಯನ್ನು ವಿವರಿಸಿ 1922ರಲ್ಲಿ ನೊಬೆಲ್ ಪಾರಿತೋಷಕ ಪಡೆದ ನೀಲ್ಸ್ ಬೋರ್. ಆದರೆ ಕಳೆದ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಜನಸಾಮಾನ್ಯರಿಗೆ ಬೋರ್ ಎಂದರೆ ಅವರ ತಮ್ಮ ಹರಾಲ್ಡ್, ದೇಶದ ಫುಟ್‌ಬಾಲ್ ತಂಡದ ಹಾಫ್‌ಬ್ಯಾಕ್. ಪ್ರಾಧ್ಯಾಪಕರಾಗಿ ನೇಮಕಗೊಂಡ ನೀಲ್ಸ್ ಸಂಪ್ರದಾಯದಂತೆ ದೊರೆಯನ್ನು ಕಾಣಲು ಹೋದಾಗ, ಹೆಸರಾಂತ ಫುಟ್‌ಬಾಲ್ ಆಟಗಾರನನ್ನು ಕಂಡು ಸಂತೋಷವಾಯಿತೆಂದು ದೊರೆ ನುಡಿದರೆಂದೂ, ಆ ಆಟಗಾರ ತಾನಲ್ಲ, ತನ್ನ ತಮ್ಮನೆಂದು ನೀಲ್ಸ್ ವಿನಯದಿಂದ ತಿದ್ದಬೇಕಾಯಿತೆಂದೂ ಒಂದು ಕಥೆ ಪ್ರಚಲಿತದಲ್ಲಿದೆ. ಇಂದು ಅಣ್ಣನನ್ನು ಜಗತ್ತೆಲ್ಲ ಬಲ್ಲದು. ತಮ್ಮನನ್ನು ಗಣಿತಜ್ಞರು ಮಾತ್ರ ಬಲ್ಲರು. ಆ ತಮ್ಮನ ಬದುಕು ಗಣಿತವನ್ನೂ ಫುಟ್‌ಬಾಲನ್ನೂ ಅರಿಯದವರಿಗೂ ತಿಳಿದಿರಬೇಕಾದಷ್ಟು ಮಹತ್ವದ್ದು.

ಹರಾಲ್ಡ್ ಹುಟ್ಟಿದ್ದು 1887ರ ಏಪ್ರಿಲ್ 22ರಂದು, ಕೋಪನ್‌ಹೇಗನ್ನಿನಲ್ಲಿ. ತಂದೆ ಕ್ರಿಸ್ಟಿಯನ್ ಬೋರ್ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರು. ರಕ್ತವು ಆಮ್ಲಜನಕವನ್ನು ಹೊತ್ತು ಇಳಿಸುವ ಬಗೆಯನ್ನು ಕುರಿತ ಅವರ ಸಂಶೋಧನೆ ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿ ಅವರ ಹೆಸರಿನಲ್ಲೇ ಇದೆ. ತಾಯಿ ಎಲೆನ್ ಆಡ್ಲರ್ ಯಹೂದಿ ಮೂಲದ ಬ್ಯಾಂಕರ್ ಕುಟುಂಬದವರು. ತಂದೆಗೆ ವಿಜ್ಞಾನದಷ್ಟೇ ಫುಟ್‌ಬಾಲ್ ಆಟದಲ್ಲೂ ಆಸಕ್ತಿ. ಅಣ್ಣತಮ್ಮಂದಿರಿಬ್ಬರೂ ಅಕಡೆಮಿಸ್ಕ್ ಬೋಲ್ಡ್‌ಕ್ಲುಬ್ ಎಂಬ ವಿದ್ಯಾರ್ಥಿಗಳ ಕ್ಲಬ್ ಸೇರಿದರು. ನೀಲ್ಸ್ ಅಲ್ಲಿ ಗೋಲ್‌ಕೀಪರ್. ಚೆಂಡು ದೂರವಿದ್ದಾಗ ಅವರ ಮನಸ್ಸು ಲೆಕ್ಕಗಳಲ್ಲಿ ಮುಳುಗಿಬಿಡುತ್ತಿತ್ತೆಂದು ಹೇಳುವುದುಂಟು. ದೇಶದ ತಂಡಕ್ಕೆ ಅವರು ಆಯ್ಕೆಯಾಗಲಿಲ್ಲ. ಹದಿನಾರನೆಯ ವಯಸ್ಸಿಗೇ ಕ್ಲಬ್ಬಿನ ಪರ ಆಡತೊಡಗಿದ ಹರಾಲ್ಡ್ ಮಾತ್ರ ಚುರುಕು ಕಾಲಿನ, ಎಚ್ಚರದ ಕಣ್ಣಿನ ಆಟಗಾರರಾಗಿ ಬೆಳೆದರು.

ಆ ಕಾಲದ ಆಟದ ವಿನ್ಯಾಸವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು, ಅದಕ್ಕೂ ಮುಂದೆ ಐವರು ಫಾರ್ವರ್ಡ್‌ಗಳು ನಿಲ್ಲುತ್ತಿದ್ದರು. ಗೋಲು ಹೊಡೆದು ಚಪ್ಪಾಳೆ ಗಿಟ್ಟಿಸುವುದು ಮುಂದಿನ ಐವರ ಪಾಲು. ನಡುಸಾಲಿನ ಹಾಫ್‌ಬ್ಯಾಕ್‌ನ ಕೆಲಸ ಎರಡು ಬಗೆಯದು: ಎದುರಾಳಿಯ ದಾಳಿಯನ್ನು ತಡೆಯುವುದು, ಕೈವಶವಾದ ಚೆಂಡನ್ನು ತಮ್ಮವರಲ್ಲಿ ಸರಿಯಾದವರಿಗೆ, ಸರಿಯಾದ ಹೊತ್ತಿಗೆ ತಲುಪಿಸುವುದು. ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಿದೆ ಎಂಬುದನ್ನು ಸದಾ ಗಮನಿಸುತ್ತಿರಬೇಕಾದ ಸ್ಥಾನವದು.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕ್ ತನ್ನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿತು. ಇಪ್ಪತ್ತೊಂದರ ಹರಾಲ್ಡ್ ಆ ತಂಡದಲ್ಲಿದ್ದರು. ಫ್ರಾನ್ಸ್ ಎರಡು ತಂಡಗಳನ್ನು ಕಳುಹಿಸಿತ್ತು. ಅಕ್ಟೋಬರ್ 19ರಂದು ಅದರ ಎರಡನೆಯ ತಂಡವನ್ನು ಡೆನ್ಮಾರ್ಕ್ 9-0ರಿಂದ ಸೋಲಿಸಿತು. ಆ ದಿನ ಹರಾಲ್ಡ್ ತಮ್ಮ ಸ್ಥಾನಕ್ಕೆ ಅಪರೂಪವೆನಿಸುವಂತೆ ಎರಡು ಗೋಲು ಹೊಡೆದರು. ಮೂರು ದಿನಗಳ ಬಳಿಕ ಫ್ರಾನ್ಸಿನ ಮೊದಲ ತಂಡವೂ 17-1ರಿಂದ ಸೋತಿತು; ಒಬ್ಬ ಸೋಫುಸ್ ನೀಲ್ಸೆನ್ ಹೊಡೆದ ಗೋಲುಗಳೇ ಹತ್ತು. 24ರಂದು ನಡೆದ ಅಂತಿಮ ಪಂದ್ಯದಲ್ಲಿ ಗ್ರೇಟ್ ಬ್ರಿಟನ್ 2-0ರಿಂದ ಗೆದ್ದಿತು. ಬೆಳ್ಳಿಯ ಪದಕದೊಂದಿಗೆ ಮನೆಗೆ ಮರಳಿದ ಈ ಆಟಗಾರರಿಗೆ ಸಂಬಳವಿರಲಿಲ್ಲ. ಡೆನ್ಮಾರ್ಕಿನಲ್ಲಿ ವೃತ್ತಿಪರ ಫುಟ್‌ಬಾಲಿಗೆ ಅವಕಾಶ ದೊರೆತದ್ದು 1978ರಲ್ಲಿ. ಅಲ್ಲಿಯವರೆಗೆ ಆಟಗಾರನಾದವನು ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗವನ್ನು ನೋಡಿಕೊಳ್ಳಲೇಬೇಕಿತ್ತು.

ಹರಾಲ್ಡ್ ಆರಿಸಿಕೊಂಡ ಉದ್ಯೋಗ ಗಣಿತ. 1910ರಲ್ಲಿ ಇಂಗ್ಲೆಂಡಿನ ಹವ್ಯಾಸಿ ತಂಡದ ವಿರುದ್ಧ ದೇಶಕ್ಕಾಗಿ ಕೊನೆಯ ಪಂದ್ಯವಾಡಿದ ಅವರು ಅದೇ ವರ್ಷ ಡಾಕ್ಟರೇಟ್ ಪ್ರಬಂಧವನ್ನು ಬಹಿರಂಗ ಸಭೆಯಲ್ಲಿ ಸಮರ್ಥಿಸಿದರು. ವಿಷಯ ಡಿರಿಕ್ಲೆ ಶ್ರೇಢಿಗಳೆಂಬ ಕಠಿಣ ಅಧ್ಯಾಯ. ಆದರೂ ಸಭಾಂಗಣದಲ್ಲಿ ಗಣಿತಜ್ಞರಿಗಿಂತ ಫುಟ್‌ಬಾಲ್ ಅಭಿಮಾನಿಗಳೇ ಹೆಚ್ಚಾಗಿದ್ದರೆಂದು ಪ್ರತೀತಿ.

ಅಂದು ಗಣಿತದ ಕಾಶಿಯೆನಿಸಿದ್ದುದು ಜರ್ಮನಿಯ ಗಾಟಿಂಗನ್. ಅಲ್ಲಿನ ಪ್ರಾಧ್ಯಾಪಕ ಎಡ್ಮಂಡ್ ಲ್ಯಾಂಡೌ ಅವರೊಡನೆ ಹರಾಲ್ಡ್ ದೀರ್ಘ ಕಾಲ ಕೂಡಿ ದುಡಿದರು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ರಹಸ್ಯವನ್ನು ಒಳಗೊಂಡಿರುವ ರೀಮನ್ ಊಹೆಯ ಬಗ್ಗೆ ಇವರಿಬ್ಬರು 1914ರಲ್ಲಿ ಮಂಡಿಸಿದ ಪ್ರಮೇಯ ಇಬ್ಬರ ಹೆಸರನ್ನೂ ಹೊತ್ತಿದೆ. ನಮ್ಮ ರಾಮಾನುಜನ್ ಅವರನ್ನು ಜಗತ್ತಿಗೆ ಪರಿಚಯಿಸಿದ ಕೇಂಬ್ರಿಜ್‌ನ ಹಾರ್ಡಿ ಇನ್ನೊಬ್ಬ ಆಪ್ತ ಮಿತ್ರರು. ಕೋಪನ್‌ಹೇಗನ್ನಿನಿಂದ ಮರಳುವಾಗ ಸಮುದ್ರ ಕೆರಳಿದ್ದುದನ್ನು ಕಂಡ ಹಾರ್ಡಿ, ರೀಮನ್ ಊಹೆಯನ್ನು ತಾನು ಸಾಧಿಸಿದ್ದೇನೆಂದು ಹರಾಲ್ಡ್‌ಗೆ ಕಾರ್ಡು ಬರೆದು ಹಡಗು ಹತ್ತಿದರಂತೆ. ಅಂಥ ಸುಳ್ಳು ಕೀರ್ತಿಯೊಂದಿಗೆ ತನ್ನನ್ನು ಸಾಯಲು ದೇವರು ಬಿಡುವುದಿಲ್ಲವೆಂಬುದು ಆ ನಾಸ್ತಿಕರ ತರ್ಕ.

ಹರಾಲ್ಡ್ ಅವರ ಸ್ವಂತ ಕೊಡುಗೆಯೆಂದರೆ 1924ರಿಂದ 1926ರ ಅವಧಿಯಲ್ಲಿ ಪ್ರಕಟಿಸಿದ, ಬಹುತೇಕ ಆವರ್ತಕವಾದ ಫಲನಗಳ ಸಿದ್ಧಾಂತ. ಪಂಚಾಂಗ ನೋಡುವ ನಮಗೆ ಅದರ ಒಳತಿರುಳು ಅಪರಿಚಿತವಲ್ಲ. ಸೂರ್ಯನದು ಒಂದು ಆವರ್ತ, ಚಂದ್ರನದು ಇನ್ನೊಂದು. ಇವೆರಡೂ ಪೂರ್ಣಾಂಕದ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಅಧಿಕಮಾಸ ಬೇಕಾಗುವುದು ಅದರಿಂದಲೇ. ಆದರೂ 19 ವರ್ಷಗಳಿಗೊಮ್ಮೆ ಹುಣ್ಣಿಮೆಯು ಸೌರವರ್ಷದ ಬಹುತೇಕ ಅದೇ ದಿನಕ್ಕೆ ಬರುತ್ತದೆ. ಹೀಗೆ ಎಂದೂ ನಿಖರವಾಗಿ ಮರುಕಳಿಸದೆ, ಆದರೆ ನಾವು ಬಯಸಿದಷ್ಟು ಸಮೀಪಕ್ಕೆ ಮತ್ತೆ ಮತ್ತೆ ಮರಳುವ ಚಲನೆಗಳಿಗೆ ಅವರು ಶಿಸ್ತಿನ ಶಾಸ್ತ್ರವೊಂದನ್ನು ಕಟ್ಟಿಕೊಟ್ಟರು.

ಪಾಠ ಹೇಳುವುದರಲ್ಲಿಯೂ ಅವರಿಗೆ ಅಷ್ಟೇ ಶ್ರದ್ಧೆ. 1915ರಿಂದ ಪಾಲಿಟೆಕ್ನಿಕ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ ಸಹೋದ್ಯೋಗಿ ಮೊಲ್ಲೆರುಪ್ ಅವರೊಡನೆ ಬರೆದ ಪಠ್ಯಪುಸ್ತಕ ತಲೆಮಾರುಗಳ ಎಂಜಿನಿಯರುಗಳನ್ನು ತಿದ್ದಿತು. ಆ ಪುಸ್ತಕದಲ್ಲಿದ್ದ ಒಂದು ಪ್ರಮೇಯವನ್ನು ಯಾರೋ ಈಗಾಗಲೇ ಸಾಧಿಸಿರಬೇಕೆಂದು ಲೇಖಕರಿಬ್ಬರೂ ಭಾವಿಸಿದ್ದರು. ಅದು ಹೊಸದೆಂಬುದು ಆಮೇಲೆ ತಿಳಿಯಿತು. 1930ರಲ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದ ಹರಾಲ್ಡ್‌ಗಾಗಿ ಕಾರ್ಲ್ಸ್‌ಬರ್ಗ್ ಪ್ರತಿಷ್ಠಾನದ ನೆರವಿನಿಂದ ಗಣಿತ ಸಂಸ್ಥೆಯೊಂದು ಎದ್ದು ನಿಂತಿತು. 1934ರಲ್ಲಿ ಆರಂಭವಾದ ಅದು ಅಣ್ಣನ ಭೌತವಿಜ್ಞಾನ ಸಂಸ್ಥೆಯ ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ನೆರೆಯ ಜರ್ಮನಿಯಲ್ಲಿ ಕತ್ತಲು ಕವಿದಿತ್ತು. ಹಿಟ್ಲರ್ ಅಧಿಕಾರಕ್ಕೇರಿದ ಎರಡೇ ತಿಂಗಳಲ್ಲಿ, 1933ರ ಏಪ್ರಿಲ್ 7ರಂದು, ಯಹೂದಿ ಮೂಲದವರನ್ನೂ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕುವ ಶಾಸನ ಹೊರಬಿತ್ತು. ಜರ್ಮನಿಯ ಪ್ರಾಧ್ಯಾಪಕರು ಸರ್ಕಾರಿ ನೌಕರರಾಗಿದ್ದುದರಿಂದ ಅದು ಅವರಿಗೂ ಅನ್ವಯಿಸಿತು. ಅದರ ಹೆಸರು ನಾಗರಿಕ ಸೇವೆಯ ಪುನರುದ್ಧಾರದ ಕಾನೂನು. ಆಡಳಿತ ಸೇವೆಯಲ್ಲಿ ಬದುಕಿನ ಬಹುಭಾಗ ಕಳೆದ ನನ್ನಂಥವರು ಈ ಹೆಸರಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಅನ್ಯಾಯವು ಅಲ್ಲಿ ದೊಣ್ಣೆ ಹಿಡಿದು ಬಂದದ್ದಷ್ಟೇ ಅಲ್ಲ, ಕಲಮುಗಳು, ವಿನಾಯಿತಿಗಳು ಮತ್ತು ಕಡತಗಳೊಂದಿಗೂ ಬಂದಿತು. ಆದೇಶಕ್ಕೆ ಸಹಿ ಹಾಕಿದವರಲ್ಲಿ ಬಹಳ ಮಂದಿ ತಾವು ನಿಯಮವನ್ನಷ್ಟೇ ಪಾಲಿಸುತ್ತಿದ್ದೇವೆಂದು ನಂಬಿದ್ದಿರಬಹುದು.

1914ಕ್ಕೆ ಮೊದಲೇ ನೇಮಕಗೊಂಡವರಿಗೆ ಆ ಶಾಸನದಲ್ಲಿ ವಿನಾಯಿತಿಯಿತ್ತು. 1909ರಲ್ಲಿ ಗಾಟಿಂಗನ್ ಸೇರಿದ್ದ ಲ್ಯಾಂಡೌ ಅವರನ್ನು ಕಾನೂನು ಮುಟ್ಟುವಂತಿರಲಿಲ್ಲ. ಆ ಕೆಲಸವನ್ನು ವಿದ್ಯಾರ್ಥಿಗಳು ಮಾಡಿದರು. ಅದೇ ನವೆಂಬರಿನಲ್ಲಿ ಅವರು ತರಗತಿಯನ್ನು ಬಹಿಷ್ಕರಿಸಿ, ಜರ್ಮನ್ ಮಕ್ಕಳಿಗೆ ಯಹೂದಿಯ ಪಾಠ ಬೇಡವೆಂದು ಸಾರಿದರು. ಲ್ಯಾಂಡೌ ನಿವೃತ್ತಿ ಪಡೆಯಬೇಕಾಯಿತು, 1938ರಲ್ಲಿ ತೀರಿಕೊಂಡರು.

ಕೆಲಸ ಕಳೆದುಕೊಂಡ ವಿದ್ವಾಂಸರಿಗೆ ನೆರವಾಗಲು ಹೊರದೇಶಗಳಲ್ಲಿ ಸಮಿತಿಗಳು ಹುಟ್ಟಿಕೊಂಡವು. ಇಂಗ್ಲೆಂಡಿನಲ್ಲಿ ಅರ್ಥಶಾಸ್ತ್ರಜ್ಞ ಬೆವರಿಜ್ ಮುಂದಾಳತ್ವ ವಹಿಸಿದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಹಣ ಒದಗಿಸಿತು. ಆದರೆ ಹಣವೊಂದರಿಂದಲೇ ಕಾರ್ಯವಾಗದು. ಯಾರ ಹುದ್ದೆ ಹೋಗಿದೆ, ಯಾರಿಗೆ ಸಂಸಾರವಿದೆ, ಯಾರ ವಿಷಯಕ್ಕೆ ಯಾವ ವಿಶ್ವವಿದ್ಯಾನಿಲಯದಲ್ಲಿ ಜಾಗವಿದೆ ಎಂಬುದನ್ನೆಲ್ಲ ಅರಿತು ಇವರನ್ನೂ ಅವರನ್ನೂ ಕೂಡಿಸುವವರೊಬ್ಬರು ಬೇಕಿತ್ತು. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಹುದ್ದೆಗಳೇ ವಿರಳ. ಹರಾಲ್ಡ್ ಈ ಹೊಣೆಯನ್ನು ಮೊದಮೊದಲು ಹೊತ್ತವರಲ್ಲಿ ಒಬ್ಬರು. ಸ್ವತಃ ಜರ್ಮನಿಗೆ ಹೋಗಿ ಪರಿಸ್ಥಿತಿ ತಿಳಿದುಬಂದರು. ಇಂಗ್ಲೆಂಡಿನಲ್ಲಿ ಹಾರ್ಡಿ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ವೆಬ್ಲೆನ್ ಮೊದಲಾದ ಮಿತ್ರರಿಗೆ ಪತ್ರಗಳನ್ನು ಬರೆದರು. ಚಿಕ್ಕ ದೇಶವಾದ ಡೆನ್ಮಾರ್ಕ್ ಎಲ್ಲರಿಗೂ ಆಶ್ರಯ ಕೊಡಲಾರದೆಂಬುದನ್ನು ಬಲ್ಲ ಅವರು, ಬಂದವರಿಗೆ ಕೆಲಕಾಲದ ನೆಲೆ ಒದಗಿಸಿ ಮುಂದಿನ ತಾಣಕ್ಕೆ ದಾರಿ ಮಾಡಿಕೊಟ್ಟರು. ನಡುಸಾಲಿನ ಆಟಗಾರನಿಗೆ ಇದು ಪರಿಚಿತ ಕೆಲಸವೇ.

ಹಾಗೆ ಬಂದವರಲ್ಲಿ ಮೂವರನ್ನು ಹೆಸರಿಸಿದರೆ ಸಾಕು. ಲ್ಯಾಂಡೌ ಅವರ ಸಹಾಯಕರಾಗಿದ್ದ ವರ್ನರ್ ಫೆಂಖೆಲ್ ಡೆನ್ಮಾರ್ಕಿನಲ್ಲೇ ನೆಲೆಸಿ ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕರಾದರು. ಅವರು 1949ರಲ್ಲಿ ಪ್ರಕಟಿಸಿದ ವಿಚಾರಗಳು ಇಂದಿನ ಅರ್ಥಶಾಸ್ತ್ರದಲ್ಲಿ ಉತ್ಪಾದನೆ ಮತ್ತು ವೆಚ್ಚಗಳ ಸಂಬಂಧವನ್ನು ವಿವೇಚಿಸುವವರಿಗೆ ಅನಿವಾರ್ಯ. ವಿಲಿಯಂ ಫೆಲ್ಲರ್ ಸ್ವಲ್ಪ ಕಾಲ ಕೋಪನ್‌ಹೇಗನ್ನಿನಲ್ಲಿದ್ದು ಸ್ವೀಡನ್ ಮೂಲಕ ಅಮೆರಿಕ ತಲುಪಿದರು. ಸಂಭವನೀಯತೆಯನ್ನು ಕುರಿತ ಅವರ ಗ್ರಂಥವನ್ನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಒಟ್ಟೊ ನಾಯ್‌ಗೆಬಾವರ್ 1934ರ ಆರಂಭದಲ್ಲಿ ಬಂದು, ಜಗತ್ತಿನ ಗಣಿತ ಸಂಶೋಧನೆಗಳನ್ನು ವಿಮರ್ಶಿಸುವ ತಮ್ಮ ಪತ್ರಿಕೆಯನ್ನು ಅಲ್ಲಿಂದಲೇ ಸಂಪಾದಿಸಿದರು. ಪ್ರಾಚೀನ ಗಣಿತ ಮತ್ತು ಖಗೋಳವಿಜ್ಞಾನಗಳ ಇತಿಹಾಸಕಾರರಾಗಿ ಖ್ಯಾತರಾದ ಅವರು ಪಿಂಗ್ರೀ ಅವರೊಡಗೂಡಿ ನಮ್ಮ ವರಾಹಮಿಹಿರನ ಪಂಚಸಿದ್ಧಾಂತಿಕೆಯನ್ನೂ ಸಂಪಾದಿಸಿದರು.

ಮೌನವಾಗಿ ನೆರವಾಗುವುದು ಒಂದು ಬಗೆ. ಬಹಿರಂಗವಾಗಿ ಪ್ರತಿಭಟಿಸುವ ಧೈರ್ಯವೂ ಹರಾಲ್ಡ್‌ಗೆ ಇತ್ತು. ಬರ್ಲಿನ್ನಿನ ಹೆಸರಾಂತ ಗಣಿತಜ್ಞ ಬೀಬರ್‌ಬಾಖ್, ಗಣಿತ ಮಾಡುವ ಶೈಲಿಯೂ ಜನಾಂಗಕ್ಕೆ ತಕ್ಕಂತೆ ಬೇರೆಯಾಗುತ್ತದೆಂದು ಉಪನ್ಯಾಸ ಮಾಡಿ, ಲ್ಯಾಂಡೌ ವಿರುದ್ಧದ ಬಹಿಷ್ಕಾರವನ್ನು ಸಮರ್ಥಿಸಿದರು. 1934ರ ಮೇ ತಿಂಗಳಲ್ಲಿ ಹರಾಲ್ಡ್ ಕೋಪನ್‌ಹೇಗನ್ನಿನ ದಿನಪತ್ರಿಕೆಯೊಂದರಲ್ಲಿ ಈ ವಾದವನ್ನು ಖಂಡಿಸಿ ಲೇಖನ ಬರೆದರು. ಕೆರಳಿದ ಬೀಬರ್‌ಬಾಖ್ ಅವರ ಮೇಲೆ ಬಹಿರಂಗ ಪತ್ರವೊಂದನ್ನು ಬರೆದು, ಸಹ ಸಂಪಾದಕರ ಒಪ್ಪಿಗೆಯಿಲ್ಲದೆಯೇ ಜರ್ಮನ್ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಸಂಘದಲ್ಲಿ ಕೋಲಾಹಲವೆದ್ದು, ಕೊನೆಗೆ ಬೀಬರ್‌ಬಾಖ್ ಕಾರ್ಯದರ್ಶಿ ಸ್ಥಾನವನ್ನು ಬಿಡಬೇಕಾಯಿತು. ಇದರಿಂದ ಜರ್ಮನಿಯ ಗತಿಯೇನೂ ಬದಲಾಗಲಿಲ್ಲ, ನಿಜ. ಆದರೆ ವಿದ್ವತ್ತಿನ ಹೆಸರಿನಲ್ಲಿ ಹಬ್ಬುತ್ತಿದ್ದ ದ್ವೇಷಕ್ಕೆ ವಿದ್ವಾಂಸರೊಬ್ಬರು ಸಕಾಲದಲ್ಲಿ ಉತ್ತರವಿತ್ತರೆಂಬುದು ದಾಖಲೆಯಾಗಿ ಉಳಿಯಿತು.

ಆಶ್ರಯ ಕೊಟ್ಟವರೇ ಆಶ್ರಯ ಬೇಡುವ ದಿನವೂ ಬಂದಿತು. 1940ರ ಏಪ್ರಿಲ್ 9ರಂದು ಜರ್ಮನ್ ಸೇನೆ ಡೆನ್ಮಾರ್ಕನ್ನು ಆಕ್ರಮಿಸಿತು. 1943ರ ಶರತ್ಕಾಲದಲ್ಲಿ ಅಲ್ಲಿನ ಯಹೂದಿಗಳನ್ನು ಹಿಡಿದೊಯ್ಯುವ ಆದೇಶ ಬರಲಿದೆಯೆಂಬ ಸುಳಿವು ಸಿಕ್ಕಿದಾಗ ಸಾಮಾನ್ಯ ಜನರು, ಮೀನುಗಾರರು ಸೇರಿ 7,000ಕ್ಕೂ ಹೆಚ್ಚು ಮಂದಿಯನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ತಾಯಿಯ ಮೂಲದಿಂದಾಗಿ ಬೋರ್ ಸಹೋದರರಿಗೂ ಅಪಾಯವಿತ್ತು. ನೀಲ್ಸ್ ಸ್ವೀಡನ್ನಿನಿಂದ ಇಂಗ್ಲೆಂಡಿಗೂ ಅಮೆರಿಕಕ್ಕೂ ತೆರಳಿದರು. ಹರಾಲ್ಡ್ ಕುಟುಂಬದೊಡನೆ ಸ್ವೀಡನ್ನಿನಲ್ಲೇ ಉಳಿದು, 1945ರಲ್ಲಿ ದೇಶ ಬಿಡುಗಡೆಯಾದ ಮೇಲೆ ಮರಳಿದರು.

ಯುದ್ಧಾನಂತರದ ಮೊದಲ ಅಂತರರಾಷ್ಟ್ರೀಯ ಗಣಿತ ಸಮ್ಮೇಳನ 1950ರಲ್ಲಿ ಅಮೆರಿಕದಲ್ಲಿ ನೆರೆದಾಗ, ಫೀಲ್ಡ್ಸ್ ಪದಕ ಸಮಿತಿಯ ಅಧ್ಯಕ್ಷರಾಗಿ ನಾರ್ವೆಯ ಸೆಲ್ಬರ್ಗ್ ಮತ್ತು ಫ್ರಾನ್ಸಿನ ಶ್ವಾರ್ಟ್ಜ್ ಅವರಿಗೆ ಪದಕವನ್ನಿತ್ತವರು ಹರಾಲ್ಡ್. ರಾಜಕೀಯ ಒಲವಿನ ಕಾರಣಕ್ಕೆ ಶ್ವಾರ್ಟ್ಜ್‌ಗೆ ಅಮೆರಿಕದ ವೀಸಾ ಸಿಗುವುದೇ ದುಸ್ತರವಾಗಿತ್ತು. ವಿದ್ವಾಂಸರ ಅರ್ಹತೆಯನ್ನು ಅವರ ಕುಲ, ಮತ, ಪಕ್ಷಗಳಿಂದ ಅಳೆಯುವ ಚಾಳಿ ಸೋತ ದೇಶಗಳಿಗಷ್ಟೇ ಸೀಮಿತವಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ. ಮರುವರ್ಷ, 1951ರ ಜನವರಿ 22ರಂದು, ಹರಾಲ್ಡ್ ಕೋಪನ್‌ಹೇಗನ್ನಿನಲ್ಲಿ ನಿಧನ ಹೊಂದಿದರು. ಅಲ್ಲಿನ ವಿಶ್ವವಿದ್ಯಾನಿಲಯ ಉತ್ತಮ ಅಧ್ಯಾಪಕರಿಗೆ ನೀಡುವ ಪ್ರಶಸ್ತಿಗೆ ಅವರ ಹೆಸರನ್ನೇ ಇಟ್ಟಿದೆ.

ಸಂಸ್ಥೆಗಳ ಸಾಧನೆಯನ್ನು ನಾವು ಗೋಲುಗಳ ಲೆಕ್ಕದಲ್ಲಿ ಅಳೆಯುವುದೇ ಹೆಚ್ಚು. ವಾರ್ಷಿಕ ವರದಿಗಳಲ್ಲಿ ಕಟ್ಟಡ, ಪ್ರಶಸ್ತಿ, ಪ್ರಕಟಣೆಗಳಿಗೆ ಅಂಕಣಗಳಿರುತ್ತವೆ. ಬೀದಿಗೆ ಬಿದ್ದ ಸಹೋದ್ಯೋಗಿಯೊಬ್ಬನಿಗೆ ನೆಲೆ ಹುಡುಕಿಕೊಟ್ಟದ್ದಕ್ಕೆ, ಒಂದು ಶಿಫಾರಸು ಪತ್ರವನ್ನು ತಡಮಾಡದೆ ಬರೆದದ್ದಕ್ಕೆ ಅಂಕಣವಿಲ್ಲ. ಹರಾಲ್ಡ್ ಅವರ ಕೈಯಲ್ಲಿ ಅಧಿಕಾರವಾಗಲಿ ಖಜಾನೆಯಾಗಲಿ ಇರಲಿಲ್ಲ. ಇದ್ದದ್ದು ಸ್ನೇಹಗಳು, ಒಳ್ಳೆಯ ಹೆಸರು ಮತ್ತು ಒಂದು ಬರೆಯುವ ಮೇಜು. ಅಷ್ಟನ್ನೇ ಬಳಸಿ ಅವರು ಮಾಡಿದ ಕೆಲಸವನ್ನು ನೆನೆದರೆ, ನಮ್ಮ ನಮ್ಮ ಸ್ಥಾನಗಳಲ್ಲಿ ನಮಗೆ ಸಾಧ್ಯವಿರಲಿಲ್ಲವೆಂದು ನಾವು ಹೇಳಿಕೊಳ್ಳುವ ಅನೇಕ ಸಂಗತಿಗಳನ್ನು ಇನ್ನೊಮ್ಮೆ ಪರಿಶೀಲಿಸುವುದು ಉಚಿತವೆನಿಸುತ್ತದೆ.